‘ಮನೆಗೆ ಕರೆದುಕೊಂಡು ಹೋಗಿ’ ಎಂದ ಮೇಲೆ

‘ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ.’ ದೊಡ್ಡ ಆಸ್ಪತ್ರೆಗಳಲ್ಲಿ ಪ್ರತಿನಿತ್ಯ ಒಬ್ಬರಲ್ಲ ಒಬ್ಬರ ಕಿವಿಗೆ ಬೀಳುವ ಮಾತು ಇದು. ವೈದ್ಯರ ಕಡೆಯಿಂದ ನೋಡಿದರೆ ಇದು ಪ್ರಾಮಾಣಿಕವಾದ ಮಾತೇ. ಗುಣವಾಗದ ಕಾಯಿಲೆಗೆ ಚಿಕಿತ್ಸೆಯ ಹೆಸರಿನಲ್ಲಿ ಇನ್ನಷ್ಟು ದಿನ ಹಣ ಕಟ್ಟಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಈ ಮಾತನ್ನು ಆಡಿದಲ್ಲಿಗೆ ಆಸ್ಪತ್ರೆಯ ಹೊಣೆ ಮುಗಿಯಿತೆಂದು ಭಾವಿಸುವ ಪದ್ಧತಿಯೊಂದು ನಮ್ಮಲ್ಲಿ ಬೇರೂರಿದೆ. ಮನೆಗೆ ಕರೆದುಕೊಂಡು ಹೋದ ಮೇಲೆ ನೋವು ಹೆಚ್ಚಾದರೆ ಯಾರನ್ನು ಕೇಳಬೇಕು, ನುಂಗಲಾರದವರಿಗೆ ಔಷಧಿ ಕೊಡುವುದು ಹೇಗೆ, ಅರ್ಧರಾತ್ರಿಯಲ್ಲಿ ಉಸಿರು ನಿಂತರೆ ಅದನ್ನು ದೃಢೀಕರಿಸಿ ಕಾಗದ ಕೊಡುವವರು ಯಾರು ಎಂಬ ಪ್ರಶ್ನೆಗಳಿಗೆ ಬಿಡುಗಡೆ ಚೀಟಿಯಲ್ಲಿ ಜಾಗವೇ ಇರುವುದಿಲ್ಲ.

ಪರಿಚಿತರೊಬ್ಬರ ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಬೆಂಗಳೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಮಗನೊಂದಿಗೆ ನೆಲೆಸಿದ್ದ ನಿವೃತ್ತ ಗುಮಾಸ್ತರವರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಆಸ್ಪತ್ರೆಯಿಂದ ಮನೆಗೆ ಬಂದಾಗ ಜೊತೆಗೆ ಬಂದ ಕಡತ ಎರಡು ಕೈಯಲ್ಲಿ ಹಿಡಿಯುವಷ್ಟಿತ್ತು. ಕೊನೆಯ ಹಾಳೆಯಲ್ಲಿ ಇದ್ದುದು ಮೂರು ಮಾತ್ರೆಗಳ ಹೆಸರು ಮತ್ತು ಎರಡು ವಾರಗಳ ನಂತರದ ಭೇಟಿಯ ದಿನಾಂಕ. ಆ ದಿನಾಂಕ ಬರುವ ಮೊದಲೇ, ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಅವರು ತೀರಿಕೊಂಡರು. ಚಿತಾಗಾರದಲ್ಲಿ ವೈದ್ಯರ ದೃಢೀಕರಣ ಕೇಳುತ್ತಾರೆಂದು ಯಾರೋ ಹೇಳಿದರು. ಆಸ್ಪತ್ರೆಗೆ ಫೋನ್ ಮಾಡಿದರೆ ಶವವನ್ನು ಇಲ್ಲಿಗೇ ತನ್ನಿ ಎಂದರು. ಬೀದಿಯ ಕ್ಲಿನಿಕ್ಕಿನ ವೈದ್ಯರು, ನಾನು ನೋಡಿದ ರೋಗಿಯಲ್ಲವಲ್ಲ ಎಂದರು. ಬೆಳಗಿನ ಆರರ ಹೊತ್ತಿಗೆ ಪಕ್ಕದ ಕಟ್ಟಡದ ನಿವೃತ್ತ ವೈದ್ಯರೊಬ್ಬರು ಬಂದು, ಶರೀರವನ್ನು ಪರೀಕ್ಷಿಸಿ, ಕಡತವನ್ನೆಲ್ಲ ತಿರುವಿಹಾಕಿ ಸಹಿ ಮಾಡಿಕೊಟ್ಟರು. ಆ ನಾಲ್ಕು ಗಂಟೆಗಳ ಕಾಲ ಮಗ ತಂದೆಯ ಬಳಿ ಕುಳಿತಿರಲಿಲ್ಲ. ಫೋನ್ ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದ. ಹನ್ನೊಂದನೆಯ ದಿನ ಮನೆಗೆ ಬಂದ ದೂರದ ನೆಂಟರೊಬ್ಬರು, ಕ್ಯಾನ್ಸರ್ ರೋಗಿಗಳ ಮನೆಗೇ ಬಂದು ನೋವಿಗೆ ಔಷಧಿ ಕೊಟ್ಟು ಶುಶ್ರೂಷೆ ಮಾಡುವ ದಾದಿಯರ ತಂಡ ಇದೇ ಊರಿನಲ್ಲಿದೆ, ಹಣವನ್ನೂ ಪಡೆಯುವುದಿಲ್ಲ ಎಂಬುದನ್ನು ತಿಳಿಸಿದರು. ಕೊನೆಯ ಆರು ರಾತ್ರಿ ತಂದೆ ನರಳಿದ್ದನ್ನು ಕೇಳಿದ್ದ ಮಗನಿಗೆ ಆ ಮಾತು ಹೇಗೆ ನಾಟಿರಬೇಕು!

ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳಲು ಕಾರಣವಿದೆ. ಸಾವಿನ ಸುತ್ತಣ ಸೌಕರ್ಯಗಳ ಬಗ್ಗೆ ಮಾತು ಬಂದಾಗಲೆಲ್ಲ ಅವು ಇಲ್ಲ ಎಂದು ದೂರುವುದು ವಾಡಿಕೆ. ಅವು ಸಾಲದು ಎಂಬುದು ನಿಜ. ಆದರೆ ಇರುವುದೂ ಸಿಗದೆಹೋಗುವುದು ಬೇರೆಯೇ ಬಗೆಯ ಕೊರತೆ. ಇರುವುದನ್ನು ಹೇಳುವ ಕೆಲಸ ಯಾರದೆಂದು ನಾವು ಇದುವರೆಗೆ ನಿಗದಿಪಡಿಸಿಲ್ಲ.

ವಿಚಿತ್ರವೆಂದರೆ, ಘನತೆಯ ಮರಣದ ವಿಷಯದಲ್ಲಿ ಕರ್ನಾಟಕ ಸರ್ಕಾರ ದೇಶದಲ್ಲಿ ಮುಂಚೂಣಿಯಲ್ಲಿದೆ. 2025ರ ಜನವರಿ 30ರಂದು ರಾಜ್ಯದ ಆರೋಗ್ಯ ಇಲಾಖೆ ಸುತ್ತೋಲೆಯೊಂದನ್ನು ಹೊರಡಿಸಿತು. ಗುಣವಾಗುವ ಯಾವ ಆಸೆಯೂ ಉಳಿಯದ ರೋಗಿಗೆ ಕೃತಕ ಉಸಿರಾಟದಂತಹ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಅಥವಾ ಆರಂಭಿಸದಿರುವ ವಿಧಿವಿಧಾನವನ್ನು ಅದು ಸುಪ್ರೀಂ ಕೋರ್ಟಿನ ತೀರ್ಪಿಗೆ ಅನುಗುಣವಾಗಿ ಜಾರಿಗೆ ತಂದಿತು. ಆ ತೀರ್ಪಿನ ಹಿಂದೆ ದೀರ್ಘವಾದ ಕಥೆಯಿದೆ, ಅದರಲ್ಲಿ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳ ಬದುಕೂ ಇದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ 1973ರಲ್ಲಿ ಅಲ್ಲಿಯೇ ನಡೆದ ಬರ್ಬರ ಹಲ್ಲೆಯಿಂದ ಪ್ರಜ್ಞಾಶೂನ್ಯ ಸ್ಥಿತಿಗೆ ಜಾರಿದರು. ಅವರ ಪರವಾಗಿ ಸಲ್ಲಿಕೆಯಾದ ಅರ್ಜಿಯನ್ನು 2011ರಲ್ಲಿ ತಿರಸ್ಕರಿಸಿದ ಸುಪ್ರೀಂ ಕೋರ್ಟ್, ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳುವುದು ತಾತ್ವಿಕವಾಗಿ ಸಮ್ಮತವೆಂದು ಮೊದಲ ಬಾರಿಗೆ ಹೇಳಿತು. ಅರುಣಾ 2015ರ ಮೇ ತಿಂಗಳಲ್ಲಿ ತೀರಿಕೊಂಡರು. ಅಲ್ಲಿಯವರೆಗೆ, ಅಂದರೆ ನಲವತ್ತೆರಡು ವರ್ಷಗಳ ಕಾಲ, ಒಂದು ಪಾಳಿಯ ದಾದಿಯರು ಇನ್ನೊಂದು ಪಾಳಿಗೆ ಒಪ್ಪಿಸುತ್ತ ಅವರನ್ನು ನೋಡಿಕೊಂಡರು. ಕಾನೂನಿನ ಪಾಠಗಳಲ್ಲಿ ಆಕೆಯ ಹೆಸರು ದಯಾಮರಣದ ಪ್ರಕರಣವಾಗಿ ನಿಂತಿದೆ. ಆರೈಕೆಯ ಪ್ರಕರಣವಾಗಿಯೂ ಅದನ್ನು ಓದಬಹುದಿತ್ತು.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಮುಂದೆ ಪ್ರಜ್ಞೆ ತಪ್ಪಿದರೆ ತನಗೆ ಯಾವ ಚಿಕಿತ್ಸೆ ಬೇಡ ಎಂಬುದನ್ನು ಮುಂಚಿತವಾಗಿಯೇ ಬರೆದಿಡುವ ಹಕ್ಕನ್ನೂ ಮಾನ್ಯ ಮಾಡಿತು. ಆಗ ವಿಧಿಸಿದ ನಿಯಮಗಳು ಎಷ್ಟು ಜಟಿಲವಾಗಿದ್ದವೆಂದರೆ, ಮ್ಯಾಜಿಸ್ಟ್ರೇಟರ ಸಹಿಯಿಲ್ಲದೆ ಆ ಪತ್ರಕ್ಕೆ ಬೆಲೆಯಿರಲಿಲ್ಲ. 2023ರ ಜನವರಿಯಲ್ಲಿ ಅದೇ ನ್ಯಾಯಾಲಯ ಅವನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ತನ್ನ ಪರವಾಗಿ ತೀರ್ಮಾನ ಹೇಳಬೇಕಾದವರ ಹೆಸರನ್ನು ಅದರಲ್ಲಿ ಬರೆದಿರಬೇಕು. ಸಂದರ್ಭ ಬಂದಾಗ ಆಸ್ಪತ್ರೆಯ ಮೂವರು ವೈದ್ಯರ ಪ್ರಾಥಮಿಕ ಮಂಡಳಿ ಪರಿಶೀಲಿಸುತ್ತದೆ. ಅದರ ಅಭಿಪ್ರಾಯವನ್ನು ಇನ್ನೂ ಮೂವರ ದ್ವಿತೀಯ ಮಂಡಳಿ ಪರಿಶೀಲಿಸುತ್ತದೆ. ಎರಡೂ ಕಡೆ ಸಾಧ್ಯವಾದಷ್ಟು 48 ಗಂಟೆಗಳೊಳಗೆ ತೀರ್ಮಾನವಾಗಬೇಕು. ದ್ವಿತೀಯ ಮಂಡಳಿಯಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಹೆಸರಿಸಿದ ವೈದ್ಯರೊಬ್ಬರಿರಬೇಕು ಎಂಬ ನಿಯಮವನ್ನು ಕಾರ್ಯರೂಪಕ್ಕೆ ತರುವುದೇ ಕರ್ನಾಟಕದ ಸುತ್ತೋಲೆಯ ಮುಖ್ಯ ಉದ್ದೇಶ. ಈ ಹಕ್ಕಿಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಸರಿಯಲ್ಲ.

ಸುತ್ತೋಲೆ ಸರಿಯಾಗಿದೆ, ಅಗತ್ಯವೂ ಆಗಿತ್ತು. ಆದರೆ ಅದು ತೀವ್ರ ನಿಗಾ ಘಟಕದ ಬಾಗಿಲಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಯಂತ್ರದ ಮೇಲೆ ವಾರಗಟ್ಟಲೆ ಉಳಿಯುವುದು ನಮ್ಮಲ್ಲಿ ಎಲ್ಲರಿಗೂ ಸಾಧ್ಯವಿರುವ ‘ಸಮಸ್ಯೆ’ಯಲ್ಲ. ಹಣ ಮುಗಿದ ಕುಟುಂಬಗಳು ಯಾವ ಮಂಡಳಿಯ ತೀರ್ಮಾನಕ್ಕೂ ಕಾಯುವುದಿಲ್ಲ. ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆ ಎಂಬ ಕಾಗದಕ್ಕೆ ಸಹಿ ಹಾಕಿ ಹೊರಬರುತ್ತವೆ. ಬಡವರ ಪಾಲಿಗೆ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳುವುದೆಂದರೆ ಬಹುಪಾಲು ಈ ಸಹಿಯೇ. ಹೀಗೆ ಹೊರಬಂದವರಿಗೆ ಬೇಕಾಗಿರುವುದು ನೋವಿಲ್ಲದ ಕೆಲವು ದಿನಗಳು. ಯಂತ್ರ ಬೇಡವೆನ್ನುವ ಹಕ್ಕನ್ನು ಕೊಟ್ಟು, ಯಂತ್ರದಿಂದ ಬಿಡಿಸಿದ ಮೇಲಿನ ಆರೈಕೆಯನ್ನು ಕೊಡದಿದ್ದರೆ ಆ ಹಕ್ಕು ಅರ್ಧಕ್ಕೇ ನಿಂತಂತೆ.

ಈ ಆರೈಕೆಗೆ ಇಂಗ್ಲಿಷಿನಲ್ಲಿ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ, ಕನ್ನಡದಲ್ಲಿ ಉಪಶಮನ ಆರೈಕೆ ಎನ್ನಬಹುದು. ಅದರ ಬೆನ್ನೆಲುಬು ಮಾರ್ಫಿನ್. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ, ಬಾಯಿಯ ಮೂಲಕ ಕೊಡಬಹುದಾದ ಈ ಅಗ್ಗದ ಔಷಧಿ ತಯಾರಾಗುವುದು ಅಫೀಮಿನಿಂದ. ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಹೊಲಗಳಲ್ಲಿ ಸರ್ಕಾರದ ಪರವಾನಗಿಯಿಂದಲೇ ಅದು ಬೆಳೆಯುತ್ತದೆ. ಹಾಗಿದ್ದೂ 1985ರ ಮಾದಕ ದ್ರವ್ಯ ಕಾಯ್ದೆಯ ಕಠೋರ ನಿಯಮಗಳಿಂದಾಗಿ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳೇ ಅಂಜಿದವು. ಹತ್ತಾರು ಪರವಾನಗಿಗಳಿಗೆ ಅಲೆಯುವುದಕ್ಕಿಂತ ಇಡದಿರುವುದೇ ಲೇಸೆಂದುಕೊಂಡವು. 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ವಿಧಾನವನ್ನು ಸರಳಗೊಳಿಸಿತು. ಕಾಯ್ದೆ ಬದಲಾಯಿತಾದರೂ ಭಯ ಬದಲಾಗಿಲ್ಲ. ಮಾರ್ಫಿನ್ ಚೀಟಿಯನ್ನು ಒಮ್ಮೆಯೂ ಬರೆಯದೆ ಕಲಿತುಬಂದ ವೈದ್ಯರ ಪೀಳಿಗೆಗಳೇ ನಮ್ಮಲ್ಲಿವೆ. ಸಾಯುವ ತಂದೆಗೆ ಚಟ ಹತ್ತೀತು ಎಂದು ಹೆದರಿ ಔಷಧಿಯನ್ನು ಅಡಗಿಸಿಡುವ ಮನೆಮಂದಿಯೂ ಇದ್ದಾರೆ! ಉಪಶಮನ ಆರೈಕೆ ಬೇಕಾದವರಲ್ಲಿ ಜಗತ್ತಿನಾದ್ಯಂತ ಶೇ 14ರಷ್ಟು ಮಂದಿಗಷ್ಟೇ ಅದು ದೊರೆಯುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮರಣದ ಗುಣಮಟ್ಟದ ಬಗ್ಗೆ ಎಕನಾಮಿಸ್ಟ್ ಬಳಗದ ಸಂಶೋಧನಾ ಘಟಕ 2010ರಲ್ಲಿ ನಡೆಸಿದ ಹೋಲಿಕೆಯಲ್ಲಿ 40 ದೇಶಗಳ ಪೈಕಿ ಭಾರತ ಕಟ್ಟಕಡೆಯ ಸ್ಥಾನದಲ್ಲಿತ್ತು. 2015ರಲ್ಲಿ 80 ದೇಶಗಳ ಪೈಕಿ 67ನೆಯದಾಯಿತು.

ನೆರೆಯ ಕೇರಳವನ್ನು ಮಾತ್ರ ಪ್ರತ್ಯೇಕವಾಗಿ ನೋಡಬೇಕು. 1993ರಲ್ಲಿ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತವರ ಗೆಳೆಯರು ಆರಂಭಿಸಿದ ಪುಟ್ಟ ಕೆಲಸ ಮಲಪ್ಪುರಂ ಜಿಲ್ಲೆಗೆ ಹಬ್ಬಿದಾಗ ಸಾರ್ವಜನಿಕ ಚಳವಳಿಯ ರೂಪ ಪಡೆಯಿತು. ತರಬೇತಿ ಪಡೆದ ಸ್ವಯಂಸೇವಕರು ತಮ್ಮ ಊರಿನ ಹಾಸಿಗೆ ಹಿಡಿದವರ ಪಟ್ಟಿ ಮಾಡಿದರು. ಜನರೇ ಚಿಲ್ಲರೆ ಕಾಸು ಕೂಡಿಸಿ ದಾದಿಯ ಸಂಬಳ ಕೊಟ್ಟರು. 2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಯ ನೀತಿಯನ್ನೇ ಪ್ರಕಟಿಸಿತು. ಇಂದು ಅಲ್ಲಿ ಪಂಚಾಯಿತಿಗಳ ದಾದಿಯರು ಮನೆಮನೆಗೆ ಹೋಗುತ್ತಾರೆ. ಕೇರಳದಲ್ಲಿ ನಮಗಿಂತ ಹೆಚ್ಚು ಆಸ್ಪತ್ರೆಗಳಿವೆ ಎಂಬ ಸಮಜಾಯಿಷಿ ಇಲ್ಲಿ ನಿಲ್ಲದು. ಈ ಕೆಲಸ ನಡೆದದ್ದು ಆಸ್ಪತ್ರೆಯ ಹೊರಗೆ. ಮುಖ್ಯವಾಗಿ, ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಅಲ್ಲಿ ಒಬ್ಬರಿಗೆ ಗೊತ್ತಿರುತ್ತದೆ.

ಬೆಂಗಳೂರಿನಲ್ಲಿ ಆರಂಭ ತಡವಾಯಿತೆನ್ನುವಂತೆಯೂ ಇಲ್ಲ. ಭಾರತೀಯ ಕ್ಯಾನ್ಸರ್ ಸೊಸೈಟಿ ಹಾಗೂ ರೋಟರಿಯ ಸ್ಥಳೀಯ ಶಾಖೆಗಳ ಪ್ರಯತ್ನದಿಂದ 1994ರಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಹುಟ್ಟಿತು. ಅದು ಮೊದಲು ಮನೆಗಳಿಗೆ ಹೋಗಿ ಆರೈಕೆ ಮಾಡಿತು. 1999ರಲ್ಲಿ ಮಾರತ್ತಹಳ್ಳಿಯ ಬಳಿ ‘ಕರುಣಾಶ್ರಯ’ ತೆರೆಯಿತು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ. ಕಿದ್ವಾಯಿ ಸಂಸ್ಥೆಯಲ್ಲಿ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಈ ವಿಭಾಗಗಳಿವೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮನೆ ಆರೈಕೆ ನಡೆಸುತ್ತದೆ. ಇವೆಲ್ಲ ನಗರದ ಗಾತ್ರದ ಮುಂದೆ ಚಿಕ್ಕವೇ. ಕ್ಯಾನ್ಸರ್ ಅಲ್ಲದ ರೋಗಿಗೆ, ಅಂದರೆ ಮೂತ್ರಪಿಂಡ ಸೋತವರಿಗೆ, ಪಾರ್ಶ್ವವಾಯುವಿನಿಂದ ಮಲಗಿದವರಿಗೆ, ಮರೆವಿನ ಕಾಯಿಲೆಯ ವೃದ್ಧರಿಗೆ ದಾರಿಗಳು ಇನ್ನೂ ಕಡಿಮೆ. ಆದರೂ ಆ ಗುಮಾಸ್ತರ ಮಟ್ಟಿಗೆ ಒಂದು ದಾರಿಯಂತೂ ಇತ್ತು.

ಇನ್ನು ಸಾವಿನ ದಿನದ ಮಾತು. ಹಿಂದೆ ಓಣಿಯಲ್ಲಿ ಒಬ್ಬರಾದರೂ ಇರುತ್ತಿದ್ದರು. ಸುದ್ದಿ ತಿಳಿದೊಡನೆ ಅವರು ಪಂಚೆ ಮೇಲೆ ಕಟ್ಟಿ ಬರುತ್ತಿದ್ದರು. ಬಿದಿರು ಯಾರಲ್ಲಿ, ಸೌದೆ ಎಲ್ಲಿ, ಹಲಗೆಯವರಿಗೆ ಹೇಳಬೇಕಾದವರು ಯಾರು, ಪುರೋಹಿತರೋ ಜಂಗಮರೋ ಯಾವ ಹೊತ್ತಿಗೆ ಬರಬೇಕು ಎಂಬುದೆಲ್ಲ ಅವರ ನೆನಪಿನಲ್ಲಿತ್ತು. ಆ ಮನೆಯ ಒಲೆ ಹೊತ್ತುತ್ತಿರಲಿಲ್ಲ, ಪಕ್ಕದ ಮನೆಯಿಂದ ಅನ್ನ ಬರುತ್ತಿತ್ತು. ಇದನ್ನು ನೆನೆದು ಹಳಹಳಿಸುವ ಮೊದಲು ಇನ್ನೊಂದನ್ನೂ ನೆನೆಯಬೇಕು. ಆ ವ್ಯವಸ್ಥೆ ಜಾತಿಯ ಗೆರೆ ದಾಟುತ್ತಿರಲಿಲ್ಲ. ಶವವನ್ನು ಯಾರು ಮುಟ್ಟಬೇಕು ಎಂಬ ಜಿಜ್ಞಾಸೆಯ ಸುತ್ತ ಇಡೀ ಅಗ್ರಹಾರ ಕುಸಿಯುವುದನ್ನು ಅನಂತಮೂರ್ತಿಯವರು ‘ಸಂಸ್ಕಾರ’ದಲ್ಲಿ 1965ರಷ್ಟು ಹಿಂದೆಯೇ ಚಿತ್ರಿಸಿದ್ದರು. ದಲಿತರಿಗೆ ಹೂಳಲು ಜಾಗವಿಲ್ಲದ ಊರುಗಳು ನಮ್ಮಲ್ಲಿ ಇದ್ದುದರಿಂದಲೇ, ಪ್ರತಿ ಗ್ರಾಮಕ್ಕೂ ಸ್ಮಶಾನಭೂಮಿ ಒದಗಿಸಿ ಎಂದು 2019ರಲ್ಲಿ ರಾಜ್ಯ ಹೈಕೋರ್ಟ್ ಸರ್ಕಾರಕ್ಕೆ ಆದೇಶಿಸಬೇಕಾಯಿತು. ಆದ್ದರಿಂದ ಹಳೆಯ ಓಣಿಯನ್ನು ಮರಳಿ ತರುವ ಮಾತು ಬೇಡ. ಅದರ ಜಾಗದಲ್ಲಿ ಎಲ್ಲರಿಗೂ ಸಲ್ಲುವ ಸಾರ್ವಜನಿಕ ಏರ್ಪಾಡು ಬರಬೇಕಿತ್ತು, ಅದು ಬರಲಿಲ್ಲ ಎಂಬುದಷ್ಟೇ ದೂರು.

ಅಂತಹ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2021ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಬೆಂಗಳೂರು ಕಣ್ಣಾರೆ ಕಂಡಿತು. ವಿದ್ಯುತ್ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳ ಸಾಲು, ತಾವರೆಕೆರೆಯ ಬಯಲಿನಲ್ಲಿ ಉರಿದ ಚಿತೆಗಳು. ಆ ಜೂನ್ ಆರಂಭದಲ್ಲಿ, ಯಾರೂ ಕೇಳಿಕೊಂಡು ಬಾರದ 500ಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಮಂಡ್ಯ ಜಿಲ್ಲೆಯ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಸರ್ಕಾರವೇ ವಿಸರ್ಜಿಸಿತು. ಚಿತಾಗಾರದ ಸರದಿಗಾಗಿ ಪಾಲಿಕೆ ಸಹಾಯವಾಣಿ ಆರಂಭಿಸಿದ್ದೂ ಆಗಲೇ. ಬಿಲ್ಲು ಬಾಕಿಯೆಂದು ಖಾಸಗಿ ಆಸ್ಪತ್ರೆಗಳು ಶವವನ್ನು ತಡೆಹಿಡಿಯುವಂತಿಲ್ಲ ಎಂಬುದನ್ನು ಸರ್ಕಾರ ಜೋರಾಗಿ ನೆನಪಿಸಿದ್ದೂ ಆ ದಿನಗಳಲ್ಲಿಯೇ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ಆ ರಕ್ಷಣೆ ಮೊದಲೇ ಇತ್ತು. ಇಂದು ನಗದು ಕೌಂಟರಿನ ಮುಂದೆ ನಿಂತು ನೆಂಟರಿಗೆಲ್ಲ ಫೋನ್ ಮಾಡುತ್ತಿರುವವರಲ್ಲಿ ಎಷ್ಟು ಮಂದಿಗೆ ಅದು ತಿಳಿದಿದೆ?

ಅನಂತರ ಕಾಗದಗಳ ಸರದಿ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ತಡವಾದರೆ ದಂಡ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಆಸ್ಪತ್ರೆಯಲ್ಲಿ ಸತ್ತರೆ ಮರಣಕಾರಣದ ಪ್ರಮಾಣಪತ್ರ ನಮೂನೆ 4ರಲ್ಲಿ, ಮನೆಯಲ್ಲಿ ಸತ್ತರೆ ಕೊನೆಯವರೆಗೆ ನೋಡಿಕೊಂಡ ವೈದ್ಯರಿಂದ ನಮೂನೆ 4ಎ. ‘ನೋಡಿಕೊಂಡ ವೈದ್ಯರು’ ಎಂಬ ಮಾತಿನಲ್ಲಿ ಮನೆವೈದ್ಯರಿದ್ದ ಕಾಲದ ನೆರಳಿದೆ. ಆ ಕಾಲ ನಗರಗಳಲ್ಲಿ ಮುಗಿದಿದೆ, ನಮೂನೆ ಹಾಗೆಯೇ ಉಳಿದಿದೆ. ಮನೆ ಆರೈಕೆಯ ತಂಡವಿದ್ದ ಕಡೆ ಈ ತೊಡಕು ತಾನಾಗಿ ಬಗೆಹರಿಯುತ್ತದೆ, ಏಕೆಂದರೆ ರೋಗಿಯನ್ನು ಬಲ್ಲ ವೈದ್ಯರೊಬ್ಬರು ಅಲ್ಲಿರುತ್ತಾರೆ. ಸತ್ತವರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಬ್ಯಾಂಕು, ಪಿಂಚಣಿ, ಖಾತೆ ಬದಲಾವಣೆ ಎಲ್ಲ ಕಡೆಯೂ ಆ ಅಕ್ಷರ ಬೆನ್ನಟ್ಟುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾದವರ ಕುಟುಂಬಕ್ಕೆ ಅಂತ್ಯಕ್ರಿಯೆಯ ನೆರವು ಸಿಗುತ್ತದೆ ಎಂಬುದೂ ಅರ್ಜಿಯ ಗಡುವು ಮೀರಿದ ಮೇಲೆ ತಿಳಿಯುವ ಸಂಗತಿಗಳ ಸಾಲಿನಲ್ಲಿದೆ.

ಕಾಗದಗಳೆಲ್ಲ ಮುಗಿದ ಮೇಲೆ ಉಳಿಯುವುದು ದುಃಖ. ಮೂರನೆಯ ದಿನ, ಹನ್ನೊಂದು, ಹದಿಮೂರು, ಮಾಸಿಕ, ವರ್ಷಾಂತಿಕ. ಮುಸ್ಲಿಮರಲ್ಲಿ ವಿಧವೆಗೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್. ಕ್ರೈಸ್ತರಲ್ಲಿ ನವೆಂಬರ್ 2ರ ಸಕಲ ಮೃತರ ಸ್ಮರಣೆ. ದುಃಖಕ್ಕೆ ಒಂದು ಕಾಲಪಟ್ಟಿ ಬೇಕೆಂಬುದನ್ನು ನಮ್ಮ ಹಿರಿಯರು ಮನೋವಿಜ್ಞಾನಕ್ಕಿಂತ ಮೊದಲೇ ಅರಿತಿದ್ದರು. ಈಗ ಮೂರು ದಿನದ ರಜೆಯಲ್ಲಿ ಎಲ್ಲವನ್ನೂ ಮುಗಿಸಿ ಕಚೇರಿಗೆ ಹೋಗಬೇಕು. ಅದೂ ಮಾಲೀಕರ ಸೌಜನ್ಯ, ಶೋಕರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ತಿಂಗಳುಗಟ್ಟಲೆ ಸಡಿಲದೆ ಬದುಕನ್ನೇ ನಿಲ್ಲಿಸಿಬಿಡುವ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ಕಾಯಿಲೆಗಳ ವರ್ಗೀಕರಣ ಚಿಕಿತ್ಸೆ ಬೇಕಾದ ಸ್ಥಿತಿಯೆಂದೇ ಗುರುತಿಸಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ನಮ್ಮ ನಿಮ್ಹಾನ್ಸ್ ಕೇಂದ್ರ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಒಂಟಿಯಾಗಿ ಉಳಿದ ವೃದ್ಧರಿಗೆ 14567 ಇದೆ. ಹುಚ್ಚು ಹಿಡಿದವರಿಗಷ್ಟೇ ಇಂತಹ ಸಂಖ್ಯೆ ಎಂಬ ತಪ್ಪು ಕಲ್ಪನೆ ಹೋಗಬೇಕಾದರೆ, ಅದನ್ನು ಸಾವಿನ ಮನೆಗೆ ಯಾರಾದರೂ ಮುಟ್ಟಿಸಬೇಕು.

ಹಾಗಾದರೆ ಯಾರು ಮುಟ್ಟಿಸಬೇಕು? ಜಾಲತಾಣದಲ್ಲಿ ಪಟ್ಟಿ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಹುಡುಕಬೇಕಾದವರು ಹುಡುಕುವ ಸ್ಥಿತಿಯಲ್ಲಿರುವುದಿಲ್ಲ. ಮಾಹಿತಿ ಅವರ ಕೈಗೆ ಸಿಗಬೇಕಾದ ಜಾಗ ಒಂದೇ: ‘ಮನೆಗೆ ಕರೆದುಕೊಂಡು ಹೋಗಿ’ ಎಂಬ ಮಾತು ಹೊರಡುವ ಜಾಗ. ಆ ಮಾತನ್ನಾಡುವ ಆಸ್ಪತ್ರೆ, ಸರ್ಕಾರಿಯಿರಲಿ ಖಾಸಗಿಯಿರಲಿ, ಬಿಡುಗಡೆ ಚೀಟಿಯ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡುವುದು ಕಡ್ಡಾಯವಾಗಲಿ. ನೋವಿಗೆ ಮಾರ್ಫಿನ್ ದೊರೆಯುವ ಹತ್ತಿರದ ಕೇಂದ್ರ, ಮನೆಗೆ ಬರುವ ತಂಡವಿದ್ದರೆ ಅದರ ಫೋನು, ರಾತ್ರಿ ಸಾವು ಸಂಭವಿಸಿದರೆ ದೃಢೀಕರಿಸುವ ವೈದ್ಯರ ಹೆಸರು, ಶವವಾಹನ, ಹತ್ತಿರದ ಚಿತಾಗಾರ ಮತ್ತು ರುದ್ರಭೂಮಿ, ನೋಂದಣಿಯ ಗಡುವು ಅದರಲ್ಲಿರಲಿ. ಅಂತಹ ರೋಗಿಯ ವಿಳಾಸ, ಕುಟುಂಬದ ಒಪ್ಪಿಗೆಯೊಂದಿಗೆ, ಆ ಪ್ರದೇಶದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೋಗಲಿ. ಮನೆಮನೆಗೆ ಹೋಗಿ ರಕ್ತದೊತ್ತಡ, ಮಧುಮೇಹ ತಪಾಸಿಸುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ 2024ರಲ್ಲಿ ಕೋಲಾರದಲ್ಲಿ ಆರಂಭಿಸಿತು. ಹಾಗೆ ಬಾಗಿಲು ತಟ್ಟುವವರು ಒಳಗೆ ಮಲಗಿರುವವರ ಬಗ್ಗೆಯೂ ಒಂದು ಮಾತು ಕೇಳಿದರೆ ಆಗುವ ನಷ್ಟವೇನು?

2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ನಗರ ಐದು ಪಾಲಿಕೆಗಳಾಗಿ ಹಂಚಿಹೋಯಿತು. ಯಾವ ಕಡತ ಯಾವ ಕಚೇರಿಯಲ್ಲಿದೆ ಎಂಬ ಗೊಂದಲ ಇಂತಹ ಬದಲಾವಣೆಗಳ ಜೊತೆಗೇ ಬರುತ್ತದೆ. ಮುಂಗಡ ವೈದ್ಯಕೀಯ ನಿರ್ದೇಶನದ ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಅಧಿಕಾರಿಯೊಬ್ಬರು ಕಾಯ್ದಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ಆ ಅಧಿಕಾರಿ ಯಾವ ಕೊಠಡಿಯಲ್ಲಿ ಕುಳಿತಿರುತ್ತಾರೆ ಎಂಬುದನ್ನು ಐದೂ ಪಾಲಿಕೆಗಳು ತಮ್ಮ ಫಲಕಗಳಲ್ಲಿ ಬರೆದು ಹಾಕಲಿ. ಹಾಳೆಯ ವಿಷಯಕ್ಕಂತೂ ಹೊಸ ಕಾಯ್ದೆಯೂ ಬೇಡ, ಬಜೆಟ್ಟಿನಲ್ಲಿ ದೊಡ್ಡ ಬಾಬತ್ತೂ ಬೇಡ. ಜನವರಿ 30ರ ಸುತ್ತೋಲೆಗೆ ಸಹಿ ಹಾಕಿದ ಇಲಾಖೆಯೇ ಅದಕ್ಕೆ ಅನುಬಂಧವಾಗಿ ಅದನ್ನು ಹೊರಡಿಸಬಹುದು.